ಹಗಲಲ್ಲಿ ಉರಿಯುತ್ತಿದ್ದ ಬಲ್ಬು

ಬಲ್ಬಿನ ನೆತ್ತಿಯ ಮೇಲೆ, ಗಾಜು ದುಂಡಗೆ ಉಬ್ಬಿರುವ ಕಡೆ, ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ 230 ವೋಲ್ಟ್, 60 ವಾಟ್ ಎಂದು ಅಚ್ಚಾಗಿರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಜೋರಾಗಿ ಒರೆಸಿದರೆ ಅಳಿಸಿಹೋಗುವಷ್ಟು ತೆಳುವಾದ ಅಚ್ಚು. ಹಬ್ಬಕ್ಕೆ ಮುಂಚೆ ಬಲ್ಬುಗಳನ್ನು ಬಿಚ್ಚಿ ಒರೆಸುವ ಕೆಲಸವನ್ನು ಅಪ್ಪ ಆ ಕಾರಣಕ್ಕೇ ನನ್ನೊಬ್ಬಳ ಹೊರತು ಬೇರೆಯವರಿಗೆ ಬಿಡುತ್ತಿರಲಿಲ್ಲ. ಸ್ಟೂಲಿನ ಮೇಲೆ ನಿಂತು ಒಂದೊಂದನ್ನೇ ಬಿಚ್ಚಿ ಕೆಳಗೆ ನನ್ನ ಕೈಗೆ ಕೊಡುತ್ತಿದ್ದರು. ನಾನು ಮೊದಲು ಅಚ್ಚನ್ನು ಓದಿ ಹೇಳಬೇಕು, ಆಮೇಲೆ ಒಣಬಟ್ಟೆಯಲ್ಲಿ ಮೆಲ್ಲಗೆ ಒರೆಸಬೇಕು.

ಒಂದು ಮನೆಯಲ್ಲಿ ಎಷ್ಟು ಬಲ್ಬುಗಳಿವೆ, ಯಾವುದು ಎಷ್ಟು ವಾಟಿನದು ಎಂಬುದು ಮಕ್ಕಳಿಗೂ ಬಾಯಿಪಾಠವಾಗಿರುತ್ತಿದ್ದ ಕಾಲ ಅದು. ನಜರ್‌ಬಾದಿನ ನಮ್ಮ ಬಾಡಿಗೆ ಮನೆಯಲ್ಲಿ ನಡುಮನೆಗೆ ಅರವತ್ತರದ್ದು, ಅಡುಗೆಮನೆಗೂ ಕೋಣೆಗೂ ನಲವತ್ತರದ್ದು, ಬಚ್ಚಲಿಗೆ ಇಪ್ಪತ್ತೈದರದ್ದು. ಗೋಡೆಯ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ಹತ್ತಿ ಸುತ್ತಿದ ತಂತಿ, ಕೊನೆಯಲ್ಲಿ ದುಂಡನೆಯ ಕರಿ ಸ್ವಿಚ್ಚು. ಸ್ವಿಚ್ಚು ಒತ್ತಿದರೆ ಟಕ್ ಎಂಬ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು.

ಅಪ್ಪ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದರು. ನಂಜನಗೂಡಿನ ಕಡೆಯ ಹಳ್ಳಿಯಿಂದ ಓದಲು ಬಂದು ಇಲ್ಲೇ ನಿಂತವರು. ಮನೆಯಲ್ಲಿ ಅವರಿಗೆ ಮಾತು ಕಡಿಮೆ, ಲೆಕ್ಕ ಹೆಚ್ಚು. ಸಂಜೆ ಅಮ್ಮ ಅವರೆಕಾಯಿ ಸುಲಿಯಲು ಕೂತಾಗ ನಾನೂ ಕೂರುತ್ತಿದ್ದೆ; ಅಪ್ಪ ಪಕ್ಕದಲ್ಲಿ ಕೆಂಪು ಗಾರೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಿದ್ದರು. ನೂಕುವ ಬಲ ವೋಲ್ಟು. ಹರಿಯುವ ಪ್ರಮಾಣ ಆಂಪಿಯರ್. ಇವೆರಡನ್ನು ಗುಣಿಸಿದರೆ ವಾಟು, ಅಂದರೆ ಬಲ್ಬು ಪ್ರತಿ ಸೆಕೆಂಡಿಗೆ ಎಷ್ಟು ಕೆಲಸ ಮಾಡುತ್ತಿದೆ ಎಂಬುದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ರೋಧ, ಅಂದರೆ ಒಳಗಿನ ತಂತಿ ಎಷ್ಟು ಅಡ್ಡ ನಿಂತಿದೆ ಎಂಬುದು.

"ಅರವತ್ತರ ಬಲ್ಬಿನಲ್ಲಿ ಎಷ್ಟು ಹರಿಯುತ್ತೆ, ಹೇಳು ಮರಿ."

ಅರವತ್ತನ್ನು ಇನ್ನೂರ ಮೂವತ್ತರಿಂದ ಭಾಗಿಸಿ ಹೇಳಬೇಕು. ಸೊನ್ನೆ ಬಿಂದು ಎರಡು ಆರು ಆಂಪಿಯರ್. ಅದರಿಂದ ಇನ್ನೂರ ಮೂವತ್ತನ್ನು ಭಾಗಿಸಿದರೆ ರೋಧ ಸುಮಾರು ಎಂಟುನೂರ ಎಂಬತ್ತು ಓಮ್. ನೂರರ ಬಲ್ಬಿಗೆ ಐನೂರ ಮೂವತ್ತೇ. ಹೆಚ್ಚು ಬೆಳಕು ಕೊಡುವುದಕ್ಕೆ ಕಡಿಮೆ ರೋಧ ಎಂಬುದು ನನಗೆ ವಿಚಿತ್ರವಾಗಿ ಕಂಡಿತ್ತು.

"ಅಡ್ಡ ಕಡಿಮೆ ನಿಂತರೆ ಹೆಚ್ಚು ಹರಿಯುತ್ತೆ. ಹೆಚ್ಚು ಹರಿದರೆ ಹೆಚ್ಚು ಉರಿಯುತ್ತೆ. ಅದರಲ್ಲಿ ವಿಚಿತ್ರ ಏನಿದೆ?" ಎಂದು ಅಪ್ಪ ಕೇಳಿದ್ದರು.

"ಈ ಓಮು ಗೀಮು ಎಲ್ಲ ಆಮೇಲೆ. ಮೊದಲು ಆ ಮೂಲೆ ಕಾಯಿ ಮುಗಿಸಿ" ಎಂದು ಅಮ್ಮ ಸಿಪ್ಪೆಯನ್ನು ನಮ್ಮ ಲೆಕ್ಕದ ಮೇಲೇ ಗುಡ್ಡೆ ಹಾಕುತ್ತಿದ್ದಳು. ಅವರೆಯ ಸೊಗಡು ಬೆರಳಿಗೆ ಅಂಟಿ ಎರಡು ದಿನ ಹೋಗುತ್ತಿರಲಿಲ್ಲ. ನನಗೆ ಆಗ ಹನ್ನೆರಡು ವರ್ಷ.

ಆ ವರ್ಷದ ಮಾಗಿಯಲ್ಲಿ ಸುಶೀಲತ್ತೆ ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಅಪ್ಪನ ತಂಗಿ, ಅವಳ ಗಂಡನಿಗೆ ಭದ್ರಾವತಿಯಲ್ಲಿ ಕೆಲಸ. ಅವಳಿಗಾಗಿ ಅಜ್ಜಿ ಹಳ್ಳಿಯಿಂದ ಬಂದು, ಕೋಣೆಯನ್ನು ಸಾರಿಸಿ, ಹಳೆಯ ಪಂಚೆಗಳನ್ನು ಕುದಿಸಿ ಒಣಗಿಸಿ, ಅಗ್ಗಿಷ್ಟಿಕೆಗೆ ಇದ್ದಿಲು, ಸಾಂಬ್ರಾಣಿ, ಬಜೆ, ಬೆಳ್ಳುಳ್ಳಿ ಎಲ್ಲವನ್ನೂ ಸಿದ್ಧ ಮಾಡಿಟ್ಟಿದ್ದಳು. ಇನ್ನೂ ಒಂದು ತಿಂಗಳಿದೆ ಎನ್ನುವಾಗಲೇ, ಒಂದು ಬೆಳಗಿನ ಜಾವ, ಮಗು ಹುಟ್ಟಿಬಿಟ್ಟಿತು. ಹೆಣ್ಣು. ನನಗೆ ತೋರಿಸಿದಾಗ ಅದರ ಕೈ ನನ್ನ ಹೆಬ್ಬೆರಳಿಗಿಂತ ಸ್ವಲ್ಪವೇ ದಪ್ಪ ಇತ್ತು. ಅಳುತ್ತಿರಲಿಲ್ಲ; ಬೆಕ್ಕಿನ ಮರಿಯ ಹಾಗೆ ಒಮ್ಮೊಮ್ಮೆ ಕುಂಯ್ ಎನ್ನುತ್ತಿತ್ತು.

ಲೇಡಿ ಡಾಕ್ಟರು ಜಟಕಾದಲ್ಲಿ ಬಂದರು. ಒಳಗೆ ಕಾಲಿಡುತ್ತಿದ್ದ ಹಾಗೆಯೇ ಮೂಗಿಗೆ ಸೆರಗು ಹಿಡಿದು, ಅಗ್ಗಿಷ್ಟಿಕೆಯನ್ನು ಹೊರಗೆ ಇಡಿಸಿದರು.

"ಹೊಗೆ ಬೇಡ ಅಮ್ಮ. ಸಾಂಬ್ರಾಣಿ ಬೇಡ, ಇದ್ದಿಲು ಬೇಡ. ಇದರ ಶ್ವಾಸಕೋಶ ಇನ್ನೂ ಬಲಿತಿಲ್ಲ."

"ಹೊಗೆ ಇಲ್ದೆ ಬಾಣಂತಿ ಕೋಣೆ ಅಂತಾರಾ ಡಾಕ್ಟ್ರಮ್ಮ? ನಾನು ಆರು ಎತ್ತೋಳು" ಎಂದಳು ಅಜ್ಜಿ.

"ನೀವು ಹೆತ್ತಿದ್ದಕ್ಕೆ ನಾನು ಎದುರು ಮಾತಾಡಲ್ಲ. ಇದು ತಿಂಗಳು ಮುಂಚೆ ಬಂದಿದೆ, ಇದಕ್ಕೆ ತನ್ನ ಮೈಯನ್ನ ತಾನೇ ಬೆಚ್ಚಗೆ ಇಟ್ಟುಕೊಳ್ಳೋಕೆ ಬರಲ್ಲ. ಕಾವು ಬೇಕು, ಹೊಗೆ ಇಲ್ಲದ ಕಾವು."

"ಅದ್ಕೆ ಕಾವು ಕೂರಾಕೆ ನಾನೇನ್ ಕೋಳಿನಾ?"

ಡಾಕ್ಟರು ನಕ್ಕರು. "ಕೋಳಿ ಕೆಲಸ ಬಲ್ಬು ಮಾಡುತ್ತೆ. ಆಸ್ಪತ್ರೆಯಲ್ಲೂ ಅದನ್ನೇ ಮಾಡೋದು. ಈ ಚಳೀಲಿ ಜಟಕಾದಲ್ಲಿ ಕರಕೊಂಡು ಹೋಗೋದಕ್ಕಿಂತ ಇಲ್ಲೇ ಒಂದು ಪೆಟ್ಟಿಗೆ ಮಾಡಿಕೊಳ್ಳಿ."

ಅಪ್ಪ ಅಂಗಡಿಯಿಂದ ಗಂಧದ ಸೋಪು ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆಯೊಂದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರು. ಒಳಗೆ ತಂತಿಬಲೆಯ ಅಡ್ಡಗೋಡೆ. ಬಲೆಯ ಈಚೆ ಮಗುವಿಗೆ ಹತ್ತಿಯ ಹಾಸಿಗೆ, ಆಚೆ ನಡುಮನೆಯ ಅರವತ್ತರ ಬಲ್ಬು. ಮೇಲೆ ಅರ್ಧಕ್ಕೆ ಕಂಬಳಿ. ಹತ್ತಿಯ ಪಕ್ಕದಲ್ಲಿ ಲ್ಯಾಬಿನ ಉದ್ದನೆಯ ಥರ್ಮಾಮೀಟರು. ಪಾದರಸ ಫ್ಯಾರನ್‌ಹೀಟ್ ತೊಂಬತ್ತರ ಆಸುಪಾಸಿನಲ್ಲಿ ಇರಬೇಕು, ಎಂಬತ್ತೈದಕ್ಕಿಂತ ಇಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಸ್ವಲ್ಪ ಹೊತ್ತಿನಲ್ಲೇ ಕೋಣೆಯೆಲ್ಲ ಹೊಸ ಸೋಪಿನ ವಾಸನೆ. ಪಾದರಸ ಏರಿ ತೊಂಬತ್ತಕ್ಕೆ ಬಂದು ನಿಂತಿತು.

ನನಗೆ ಕ್ರಿಸ್‌ಮಸ್ ರಜ. ಅಪ್ಪನಿಗೆ ರಜೆಯಲ್ಲೂ ಲ್ಯಾಬಿನ ಸಾಮಾನಿನ ತಪಾಸಣೆ ಇರುತ್ತಿದ್ದುದರಿಂದ ಬೆಳಿಗ್ಗೆ ಹೋದರೆ ಸಂಜೆಯೇ ಬರುವುದು. ಹಾಗಾಗಿ ಪಾದರಸ ನೋಡುವ ಕೆಲಸ ನನಗೆ ಬಂತು. ಅದು ನನಗೆ ಇಷ್ಟವಾಗಿತ್ತು. ಯಾರೊಡನೆಯೂ ಮಾತಾಡಬೇಕಾಗಿರಲಿಲ್ಲ, ನೋಡಿದ್ದನ್ನು ನೋಡಿದ ಹಾಗೆ ಹೇಳಿದರೆ ಸಾಕಿತ್ತು.

ಮೊದಲ ದಿನವೇ ಅಜ್ಜಿ ಅಪ್ಪನನ್ನು ಪಡಸಾಲೆಗೆ ಕರೆದು ಏನೋ ಹೇಳಿದಳು. ಅಪ್ಪ ಬಂದು ಮಗುವನ್ನು ತಿರುಗಿಸಿ ಮಲಗಿಸಿ, ಅದರ ತಲೆಯ ಕಡೆ ಇದ್ದ ಬಲ್ಬು ಕಾಲಿನ ಕಡೆಗೆ ಬರುವಂತೆ ಮಾಡಿದರು. ಮಾರನೆಯ ದಿನ ಬಲ್ಬಿಗೆ ಒಂದು ತಗಡಿನ ಡಬ್ಬಿಯನ್ನು ಮುಚ್ಚಿ ನೋಡಿದರು. ಡಬ್ಬಿಯ ಬಣ್ಣ ಸುಟ್ಟು ನಾರಲು ಶುರುವಾದ್ದರಿಂದ ತೆಗೆದುಹಾಕಿದರು. ಅಜ್ಜಿ ಮತ್ತೆ ಏನೂ ಹೇಳಲಿಲ್ಲ. ವಿಷಯ ಅಲ್ಲಿಗೆ ಮುಗಿಯಿತು ಎಂದು ಅಪ್ಪ ತಿಳಿದುಕೊಂಡಿರಬೇಕು.

ಮೂರನೆಯ ದಿನ ಮಧ್ಯಾಹ್ನ ನಾನು ಊಟ ಮುಗಿಸಿ ಕೈತೊಳೆದು ಬಂದಾಗ ಪಾದರಸ ಎಪ್ಪತ್ತೆಂಟರಲ್ಲಿತ್ತು. ಬಲ್ಬು ಉರಿಯುತ್ತಿತ್ತು. ಮಗುವಿನ ತುಟಿ ನೇರಳೆ ಹಣ್ಣು ತಿಂದ ಹಾಗೆ. ಅತ್ತೆ ಹಾಲು ಹಿಂಡಿ ಹತ್ತಿಯ ಬತ್ತಿಯಲ್ಲಿ ತೊಟ್ಟಿಕ್ಕಿಸಿದರೆ, ಅದು ನುಂಗದೆ ಕಟಬಾಯಿಯಿಂದ ಹೊರಗೆ ಹರಿಯುತ್ತಿತ್ತು. ಬೆಳಿಗ್ಗೆ ಅದೇ ಮಗು ನಾಲ್ಕು ಹನಿ ನುಂಗಿತ್ತು.

"ಅತ್ತಿಗೆ, ಯಾಕೆ ಕುಡೀತಿಲ್ಲ ಇದು?" ಎಂದು ಅತ್ತೆ ಅಮ್ಮನ ಮುಖ ನೋಡಿದಳು. ಅಮ್ಮ ಮಗುವಿನ ಅಂಗಾಲು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಕರೆಂಟ್ ಓಗಿತ್ತು. ಈಗ ಬಂತು" ಎಂದಳು ಅಜ್ಜಿ, ಬಾಗಿಲಿನ ಹತ್ತಿರ ನಿಂತು.

ನಾನು ಊಟ ಮಾಡುತ್ತಿದ್ದಾಗ ಅಡುಗೆಮನೆಯ ಬಲ್ಬು ಉರಿಯುತ್ತಲೇ ಇತ್ತು. ಆ ಅಡುಗೆಮನೆಗೆ ಕಿಟಕಿ ಇರಲಿಲ್ಲ, ಹಗಲಲ್ಲೂ ದೀಪ ಬೇಕಾಗುತ್ತಿತ್ತು. ಅಮ್ಮ ಮಗುವನ್ನು ಅತ್ತೆಯ ಎದೆಗೆ ಅವಚಿ ಕಂಬಳಿ ಹೊದಿಸಿದಳು. ಪೆಟ್ಟಿಗೆ ಮತ್ತೆ ಕಾವೇರಿದ ಮೇಲೆ ಒಳಗೆ ಮಲಗಿಸಿದಳು. ಸಂಜೆಯ ಹೊತ್ತಿಗೆ ತುಟಿಯ ಬಣ್ಣ ಸರಿಹೋಯಿತು.

ಮಾರನೆಯ ದಿನ ಬಾಣಂತಿಯ ಮೆಣಸಿನ ಸಾರಿಗೆ ಅಮ್ಮ ಒಗ್ಗರಣೆ ಹಾಕುತ್ತಿದ್ದ ಹೊತ್ತು. ಅತ್ತೆ ಕಣ್ಣು ಮುಚ್ಚಿದ್ದಳು. ನಾನು ನೀರು ಕುಡಿಯಲು ಎದ್ದು, ಬಾಗಿಲು ದಾಟಿದ್ದೆನಷ್ಟೆ, ಹಿಂದೆ ಟಕ್ ಎಂದಿತು. ತಿರುಗಿ ಬಂದೆ. ಅಜ್ಜಿಯ ಕೈ ಇನ್ನೂ ಸ್ವಿಚ್ಚಿನ ಮೇಲಿತ್ತು. ನಾನು ಅವಳ ಕೈಯ ಪಕ್ಕದಲ್ಲೇ ಕೈ ಚಾಚಿ ಮತ್ತೆ ಹಾಕಿದೆ.

"ಅಜ್ಜಿ, ಯಾಕೆ ಆರಿಸ್ದೆ?"

ಅವಳು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಒಗೆಯುವ ಕಲ್ಲಿನ ಮೇಲೆ ಕೂತು ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಇದ್ದಳು.

"ನಿಮ್ಮಪ್ಪನಿಗಿಂತ ಮುಂಚೆ ನಂಗೊಂದು ಎಣ್ಣುಕೂಸಿತ್ತು. ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ.

"ಅದೂ ಇಂಗೇ, ಇಷ್ಟೇ ಇಷ್ಟು. ಅದ್ರ ತಲೆತಾವ ನಾನೇ ದೀಪ ಹಚ್ಚಿಟ್ಟೆ. ಅಗಲೊತ್ನಲ್ಲಿ. ಸತ್ತೋರಿಗೆ ಕಣೇ ಅಗಲಲ್ಲಿ ದೀಪ ಇಡೋದು. ಬಾಗ್ಲಿಂದ ಬಿಸ್ಲು ಬಂದು ದೀಪದ ಮೇಲೇ ಬಿದ್ದಿತ್ತು. ಬಿಸ್ಲಲ್ಲಿ ಉರಿ ಕಾಣಾಕಿಲ್ಲ. ಅದು ಉರೀತೈತೋ ಇಲ್ವೋ ಅಂತ ಕೈ ಇಟ್ಟು ನೋಡ್ಬೇಕು."

"ಇದು ಬಲ್ಬು ಅಜ್ಜಿ."

"ಬಲ್ಬೋ ಗಿಲ್ಬೋ, ದೀಪ ದೀಪವೇ. ರಾತ್ರಿ ಉರೀಲಿ, ಬೇಡ ಅನ್ನಾಕಿಲ್ಲ. ಬದುಕಿರೋ ಕೂಸಿನ ಪಕ್ಕ ಅಗಲೆಲ್ಲ ದೀಪ ಉರಿಸಿ ಕೂತ್ರೆ, ನಾವೇ ಕರೆದಂಗೆ ಆಯ್ತದೆ. ಸುಸೀಲಂಗೆ ಇದ್ನೆಲ್ಲ ಯೋಳಕ್ಕಾಯ್ತದಾ? ನೀನೇ ಯೋಳು."

"ಆರಿಸಿದ್ರೆ ಅದು ತಣ್ಣಗಾಗುತ್ತೆ. ನಿನ್ನೆ ನೋಡಿದೆಯಲ್ಲ."

"ನೋಡ್ದೆ." ಅವಳು ಬಹಳ ಮೆಲ್ಲಗೆ ಹೇಳಿದಳು. "ಅದ್ಕೇ ವಸಿ ವೊತ್ತು ಆರಿಸ್ತೀನಿ, ಆಮೇಲೆ ಹಾಕ್ಬುಡ್ತೀನಿ. ಕೆಂಡ ಆಗಿದ್ರೆ ನಾನು ಬೇಡ ಅಂತಿದ್ನಾ? ಕೆಂಡದ ಪಕ್ಕ ಕೂಸು ಮಲ್ಗೋದು ನಾವು ಕಂಡಿದ್ದೇ. ಇದು ಕೆಂಡ ಅಲ್ಲ ಕಣೇ."

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಅಪ್ಪ ಒಮ್ಮೆ ಟಾರ್ಚಿನ ಎರಡು ಸಣ್ಣ ಬಲ್ಬುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟಿದ ಹಾಗೆ ಜೋಡಿಸಿ ತೋರಿಸಿದ್ದರು. ಒಂದೇ ಇದ್ದಾಗ ಬೆಳ್ಳಗೆ ಉರಿದದ್ದು ಎರಡಾದಾಗ ಕೆಂಪಾಗಿತ್ತು.

ಸಂಜೆ ಅಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸುತ್ತಿದ್ದಾಗಲೇ ಹೋಗಿ ಕೇಳಿದೆ.

"ಅಪ್ಪ, ಬಲ್ಬು ಬೆಳ್ಳಗೆ ಉರೀಬಾರದು, ಕೆಂಡದ ಥರ ಇರಬೇಕು. ಆದರೆ ಕಾವು ಮಾತ್ರ ಈಗ ಇರೋಷ್ಟೇ ಇರಬೇಕು. ಆಗುತ್ತಾ?"

ಅಪ್ಪ ನನ್ನನ್ನು ನೋಡಿದರು. ನನ್ನ ಹಿಂದೆ, ಕೋಣೆಯ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿಯನ್ನು ನೋಡಿದರು. ಯಾಕೆ ಎಂದು ಕೇಳಲಿಲ್ಲ.

"ಲೆಕ್ಕ ಹಾಕು" ಎಂದರು.

ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೂತೆ. ಅರವತ್ತರ ಎರಡನ್ನು ಸಾಲಾಗಿ ಜೋಡಿಸಿದರೆ ರೋಧ ಎರಡರಷ್ಟು, ಸಾವಿರದ ಏಳುನೂರಕ್ಕೂ ಮೇಲೆ. ಹರಿಯುವುದು ಅರ್ಧ. ಇನ್ನೂರ ಮೂವತ್ತರಿಂದ ಗುಣಿಸಿದರೆ ಎರಡೂ ಸೇರಿ ಮೂವತ್ತು ವಾಟು. ಸಾಲದು, ಮಗು ತಣ್ಣಗಾಗುತ್ತದೆ. ಅಳಿಸಿದೆ. ನೂರರ ಎರಡು: ಐನೂರ ಮೂವತ್ತೂ ಐನೂರ ಮೂವತ್ತೂ ಸೇರಿ ಸಾವಿರದ ಅರವತ್ತು. ಹರಿಯುವುದು ಸೊನ್ನೆ ಬಿಂದು ಎರಡು ಎರಡು. ಗುಣಿಸಿದರೆ ಐವತ್ತು.

"ಐವತ್ತು ಬರುತ್ತೆ. ಈಗಿರೋದು ಅರವತ್ತು."

"ಹತ್ತು ಕಡಿಮೆ. ಕಂಬಳಿ ಪೂರ್ತಿ ಮುಚ್ಚಿದರೆ ಸರಿದೂಗಬಹುದು" ಎಂದು ಅಪ್ಪ ಯೋಚಿಸಿದರು. "ನೂರರ ಬಲ್ಬು ನಮ್ಮ ಮನೇಲಿಲ್ಲ. ಲ್ಯಾಬಿನ ಲ್ಯಾಂಪ್ ಬೋರ್ಡಿನಲ್ಲಿದೆ. ನಾಳೆ ಪ್ರೊಫೆಸರನ್ನ ಕೇಳಿ ತರ್ತೀನಿ."

"ಏನ್ಲಾ ನಂಜುಂಡ ಅದು, ಅಪ್ಪ ಮಗಳ ಗುಸುಗುಸು?" ಅಜ್ಜಿ ಅಲ್ಲಿಂದಲೇ ಕೇಳಿದಳು.

"ಏನಿಲ್ಲ ಕಣವ್ವ. ಓಮು" ಎಂದರು ಅಪ್ಪ.

ಮರುದಿನ ಅಪ್ಪ ಬರುವವರೆಗೆ ಬಲ್ಬನ್ನು ಕಾಯಬೇಕಾಗಿತ್ತು. ಬೆಳಿಗ್ಗೆ ತಿಂಡಿ ತಿಂದವಳೇ ಸ್ವಿಚ್ಚಿನ ಕೆಳಗೆ ಗೋಡೆಗೆ ಒರಗಿ ಕೂತೆ. ಅಜ್ಜಿ ಎದುರಿಗೆ ಕೂತಳು. ಹೊರಗೆ ಪಕ್ಕದ ಮನೆಯ ಶಮೀಮ ಗೋಡೆಯ ಮೇಲಿಂದ ಇಣುಕಿ ಕುಂಟೆಬಿಲ್ಲೆಗೆ ಕರೆದಳು. ಅವಳ ಬಿಲ್ಲೆ ಕಲ್ಲಿಗೆ ತಾಗಿ ಠಣ್ ಎನ್ನುವುದು ಕೇಳುತ್ತಿತ್ತು. ನಾನು ಏಳಲಿಲ್ಲ.

"ಓಗೇ, ಆ ಉಡುಗಿ ಕರೀತಾವ್ಳೆ. ಆಡ್ಕೊಂಡು ಬಾ."

"ಬೇಡ."

ಸ್ವಲ್ಪ ಹೊತ್ತು ಕಳೆಯಿತು. "ಕೂತೂ ಕೂತೂ ಕುಂಡಿ ಚಪ್ಪಟೆ ಆಯ್ತದೆ."

"ಆಗಲಿ."

"ಬಚ್ಚಲಿಗೂ ಓಗಾಕಿಲ್ವೇನೇ ನೀನು?"

"ಇಲ್ಲ."

ಅತ್ತೆ ಮಲಗಿದಲ್ಲೇ ಕಣ್ಣು ಬಿಟ್ಟು, "ಏನವ್ವ ಅದು, ಆ ಮಗು ಮೇಲೆ ಯಾಕೆ ಬಿದ್ದಿದ್ದೀಯ? ಪಾಪ, ಬೆಳಿಗ್ಗೆಯಿಂದ ಪಾದರಸ ನೋಡ್ತಾ ಕೂತಿದೆ" ಎಂದಳು.

"ನೋಡ್ಲಿ ಬುಡು. ಹಠದಲ್ಲಿ ಅಪ್ಪನ್ನೇ ಮೀರಿಸ್ಬುಟ್ಳು" ಎಂದ ಅಜ್ಜಿಯ ಬಾಯಂಚಿನಲ್ಲಿ ನಗು ಇತ್ತು; ಆದರೆ ಕಣ್ಣು ಬಲ್ಬಿನ ಮೇಲೇ ಇತ್ತು. ಬಿಸಿಲು ಕಿಟಕಿಯಿಂದ ಇಳಿದು ಪೆಟ್ಟಿಗೆಯ ಅಂಚಿಗೆ ಬಂದಾಗ ಅವಳು ಎದ್ದು, ಒಂದು ಒದ್ದೆ ಸೀರೆಯನ್ನು ತಂದು ಕಿಟಕಿಗೆ ಅಡ್ಡ ಕಟ್ಟಿದಳು. ಬಿಸಿಲು ಬಲ್ಬಿನ ಮೇಲೆ ಬೀಳದ ಹಾಗೆ ಅದರ ಅಂಚನ್ನು ಎಳೆದು ಬಿಗಿದಳು. ನನಗೆ ಅವಳನ್ನು ತಡೆಯುವುದೂ ಬೇಡ, ಸೋಲಿಸುವುದೂ ಬೇಡ ಅನ್ನಿಸಿತು. ಅಪ್ಪ ಬೇಗ ಬಂದರೆ ಸಾಕು ಎಂದುಕೊಂಡೆ.

ಅಪ್ಪ ಅಂದು ಬೆಳಕಿರುವಾಗಲೇ ಬಂದರು. ಸೈಕಲ್ಲಿನ ಹಿಂದೆ ಗೋಣಿಯಲ್ಲಿ ಸುತ್ತಿದ ಎರಡು ಬಲ್ಬು, ಹ್ಯಾಂಡಲಿನ ಚೀಲದಲ್ಲಿ ಅಮ್ಮೀಟರು, ವೋಲ್ಟ್‌ಮೀಟರು. ಮಗುವನ್ನು ಅತ್ತೆಯ ಮಡಿಲಿಗೆ ಕೊಟ್ಟು, ಬಲೆಯಾಚೆಯ ಅರವತ್ತರ ಬಲ್ಬನ್ನು ತೆಗೆದು, ಎರಡು ಹೋಲ್ಡರುಗಳನ್ನು ಸಾಲಾಗಿ ಜೋಡಿಸಿದರು. ಅಮ್ಮ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಳು. ಅಜ್ಜಿ ಮೂಲೆಯಲ್ಲಿ ನಿಂತಿದ್ದಳು.

"ಹಾಕಮ್ಮ" ಎಂದರು ಅಪ್ಪ.

ಸ್ವಿಚ್ಚು ಹಾಕಿದೆ. ಬೆಳಕು ಕೋಣೆಗೆ ಚೆಲ್ಲಲಿಲ್ಲ. ಎರಡು ಗಾಜುಗಳ ಒಳಗೆ ಎರಡು ಕೆಂಪು ಎಳೆಗಳು ಮೂಡಿ, ಊದಿದ ಇದ್ದಿಲಿನ ಹಾಗೆ ನಿಧಾನವಾಗಿ ಕಿತ್ತಳೆ ಬಣ್ಣಕ್ಕೆ ಬಂದು ನಿಂತವು. ಬಲೆಯ ಹಿಂದೆ ಅವು ಒಂದು ಬೊಗಸೆ ಕೆಂಡದಂತೆ ಕಂಡವು.

ಅಜ್ಜಿ ಮೂಲೆಯಿಂದ ಬಂದು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಅಂಗೈಯನ್ನು ಬಲೆಗೆ ಹತ್ತಿರ ಹಿಡಿದಳು. ಹಾಗೆಯೇ ಬಹಳ ಹೊತ್ತು ಹಿಡಿದುಕೊಂಡಿದ್ದಳು.

"ಹೊಗೆ ಇಲ್ಲ" ಎಂದಳು.

"ಇಲ್ಲ ಕಣವ್ವ" ಎಂದರು ಅಪ್ಪ.

"ಬೂದಿನೂ ಆಗಾಕಿಲ್ವಾ?"

"ಆಗಲ್ಲ."

"ನಿಮ್ಮೂರ ಕೆಂಡ" ಎಂದಳು ಅಜ್ಜಿ, ತನಗೆ ತಾನೇ ಹೇಳಿಕೊಂಡ ಹಾಗೆ. ಮೈಸೂರಿನಲ್ಲಿ ಅವಳಿಗೆ ಅರ್ಥವಾಗದಿದ್ದುದೆಲ್ಲ ನಮ್ಮೂರಿನದು. ಆಮೇಲೆ ಅತ್ತೆಯ ಕಡೆ ಕೈ ಚಾಚಿ, "ಕೊಡವ್ವ ಕೂಸ್ನ" ಎಂದು ಮಗುವನ್ನು ತಾನೇ ಇಸಿದುಕೊಂಡು ಹತ್ತಿಯ ಮೇಲೆ ಮಲಗಿಸಿದಳು.

ನನಗೆ ಮಾತ್ರ ಸಮಾಧಾನವಾಗಿರಲಿಲ್ಲ. ಅಮ್ಮೀಟರಿನ ಮುಳ್ಳು ಸೊನ್ನೆ ಬಿಂದು ಎರಡು ಎರಡರಲ್ಲಿ ನಿಂತಿರಲಿಲ್ಲ. ಸೊನ್ನೆ ಬಿಂದು ಮೂರರಲ್ಲಿತ್ತು. ವೋಲ್ಟ್‌ಮೀಟರು ಸರಿಯಾಗಿ ಇನ್ನೂರ ಮೂವತ್ತು ತೋರಿಸುತ್ತಿತ್ತು. ಮತ್ತೆ ಮತ್ತೆ ಓದಿದೆ.

"ಅಪ್ಪ, ನನ್ನ ಲೆಕ್ಕ ತಪ್ಪಾಗಿದೆ."

"ಎಲ್ಲಿ, ಈಗ ಮುಳ್ಳು ಹೇಳೋದನ್ನ ಇಟ್ಟುಕೊಂಡು ಮಾಡು."

ಇನ್ನೂರ ಮೂವತ್ತನ್ನು ಸೊನ್ನೆ ಬಿಂದು ಮೂರರಿಂದ ಗುಣಿಸಿದೆ: ಅರವತ್ತೊಂಬತ್ತು ವಾಟು. ಭಾಗಿಸಿದೆ: ಏಳುನೂರ ಅರವತ್ತೇಳು ಓಮ್. ನಾನು ಸಾವಿರದ ಅರವತ್ತು ಎಂದಿದ್ದೆ. ಇನ್ನೂರ ತೊಂಬತ್ತಕ್ಕೂ ಹೆಚ್ಚು ಓಮ್‌ಗಳು ಎಲ್ಲೋ ಮಾಯವಾಗಿದ್ದವು.

ಅಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ಲೆಕ್ಕ ತಪ್ಪಿಲ್ಲ ಮರಿ. ನೀನು ಬೆಳ್ಳಗೆ ಉರಿಯೋ ತಂತಿಯ ರೋಧ ಹಿಡಿದೆ. ಇದು ಕೆಂಪಗಿದೆ, ಅಂದರೆ ಅಷ್ಟು ಬಿಸಿ ಇಲ್ಲ. ಬಿಸಿ ಕಡಿಮೆ ಆದರೆ ತಂತಿ ಅಷ್ಟು ಅಡ್ಡ ನಿಲ್ಲಲ್ಲ. ನಾನೂ ಯೋಚನೆ ಮಾಡಬೇಕಾಗಿತ್ತು, ಮಾಡಲಿಲ್ಲ ನೋಡು."

"ಹಾಗಾದರೆ ಕಾವು ಹೆಚ್ಚಾಗುತ್ತಲ್ಲ?"

"ಪಾದರಸ ನೋಡು."

ಪಾದರಸ ತೊಂಬತ್ತನ್ನು ದಾಟಿ ತೊಂಬತ್ತನಾಲ್ಕಕ್ಕೆ ಏರಿತ್ತು. ಕಂಬಳಿಯನ್ನು ನಾಲ್ಕು ಬೆರಳಿನಷ್ಟು ಸರಿಸಿದೆ. ಕಾದೆ. ಇನ್ನೆರಡು ಬೆರಳು ಸರಿಸಿದೆ. ತೊಂಬತ್ತೊಂದಕ್ಕೆ ಬಂದು ನಿಂತಿತು. ಅಷ್ಟು ಹೊತ್ತೂ ಅಜ್ಜಿ ನನ್ನ ಬೆರಳುಗಳನ್ನೇ ನೋಡುತ್ತಿದ್ದಳು. ಆ ಸಂಜೆ ಅಮ್ಮ ಹಿದುಕಿದ ಬೇಳೆಯ ಸಾರು ಮಾಡಿದ್ದಳು. ಅಜ್ಜಿ ತನ್ನ ತಟ್ಟೆಯನ್ನು ಕೋಣೆಗೇ ತರಿಸಿಕೊಂಡು, ಕೆಂಡದ ಮುಂದೆ ಕೂತು ಉಂಡಳು. ಸ್ವಿಚ್ಚಿನ ಕಡೆ ಒಮ್ಮೆಯೂ ನೋಡಲಿಲ್ಲ.

ಇದೆಲ್ಲ ನಡೆದು ಹನ್ನೊಂದು ವರ್ಷ ಆಗಿದೆ. ನಾವೀಗ ಸರಸ್ವತಿಪುರಂನಲ್ಲಿದ್ದೇವೆ. ಇಲ್ಲಿ ಸ್ವಿಚ್ಚುಗಳು ಸದ್ದು ಮಾಡುವುದಿಲ್ಲ. ಮನೆಯಲ್ಲಿ ಎಷ್ಟು ಬಲ್ಬುಗಳಿವೆ ಎಂದು ಕೇಳಿದರೆ ನಾನೂ ಎಣಿಸಿಯೇ ಹೇಳಬೇಕು. ಶಮೀಮ ಮದುವೆಯಾಗಿ ಎಲ್ಲಿಗೆ ಹೋದಳೋ ತಿಳಿಯದು. ಅತ್ತೆಯ ಮಗಳು ರಜಕ್ಕೆ ಬರುತ್ತಾಳೆ. ಸೋಪಿನ ಪೆಟ್ಟಿಗೆಯ ಕಥೆ ಹೇಳಿದರೆ, "ನೀವೆಲ್ಲ ಸೇರಿ ನನ್ನನ್ನ ಕೋಳಿಮೊಟ್ಟೆ ಮಾಡಿದ್ರಾ?" ಎಂದು ನಗುತ್ತಾಳೆ, ಪೂರ್ತಿ ಕೇಳದೆ ಆಡಲು ಓಡುತ್ತಾಳೆ. ಅಜ್ಜಿ ತೀರಿಕೊಂಡು ಮೂರು ವರ್ಷವಾಯಿತು. ಆ ಮಧ್ಯಾಹ್ನ ಒಗೆಯುವ ಕಲ್ಲಿನ ಮೇಲೆ ಕೂತು ಹೇಳಿದ್ದನ್ನು ಅವಳು ಮತ್ತೆ ಎಂದೂ ಎತ್ತಲಿಲ್ಲ, ನಾನೂ ಯಾರಿಗೂ ಹೇಳಿರಲಿಲ್ಲ. ಆ ಇನ್ನೊಂದು ಕೂಸಿಗೆ ಹೆಸರಿಟ್ಟಿದ್ದರೋ ಇಲ್ಲವೋ ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಕೇಳಲು ಯಾರೂ ಇಲ್ಲ.

ನಾನು ಎಂ.ಎಸ್‌ಸಿ. ಮುಗಿಸಿ ಈಗ ಹುಡುಗಿಯರಿಗೆ ಅದೇ ಪಾಠ ಹೇಳುತ್ತೇನೆ. ವೋಲ್ಟು ಇಷ್ಟು, ಆಂಪಿಯರ್ ಇಷ್ಟು, ರೋಧವನ್ನೂ ವಾಟನ್ನೂ ಕಂಡುಹಿಡಿಯಿರಿ. ಅವರು ಗುಣಿಸುತ್ತಾರೆ, ಭಾಗಿಸುತ್ತಾರೆ, ಉತ್ತರದ ಕೆಳಗೆ ಎರಡು ಗೆರೆ ಎಳೆಯುತ್ತಾರೆ, ಅಂಕ ತೆಗೆದುಕೊಳ್ಳುತ್ತಾರೆ. ಎಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಉತ್ತರಕ್ಕಾಗಿ ಪಕ್ಕದ ಕೋಣೆಯಲ್ಲಿ ಯಾರೋ ಕಾದಿರುವಂಥ ಲೆಕ್ಕ ನನಗೆ ಮತ್ತೆ ಸಿಕ್ಕಿಲ್ಲ. ಯಾಕೆ ಎಂದು ಕೇಳದೆ 'ಲೆಕ್ಕ ಹಾಕು' ಎಂದವರ ದನಿಯೂ ಈಗ ಕ್ಷೀಣವಾಗಿದೆ. ಕಾಯಿಲೆ ಬಿದ್ದ ಮೇಲೆ ಅಪ್ಪ ಹೆಚ್ಚಾಗಿ ಕಿಟಕಿಯ ಬಳಿ ಸುಮ್ಮನೆ ಕೂತಿರುತ್ತಾರೆ.

ಆ ಕೆಂಡದ ಬಣ್ಣದ ಬಲ್ಬುಗಳನ್ನು ಹಾಕಿದ ಮರುದಿನ ಬೆಳಿಗ್ಗೆ ನಾನು ಎದ್ದು ಕೋಣೆಗೆ ಹೋದಾಗ ಬಿಸಿಲಾಗಲೇ ಏರಿತ್ತು. ಕಿಟಕಿಗೆ ಕಟ್ಟಿದ್ದ ಸೀರೆಯನ್ನು ಅಜ್ಜಿ ಬಿಚ್ಚಿಹಾಕಿದ್ದಳು. ಬಲ್ಬುಗಳು ಉರಿಯುತ್ತಲೇ ಇದ್ದವು. ಅಜ್ಜಿಯ ಕೈಯಲ್ಲಿ ಬೆಳ್ಳಿಯ ಪುಟ್ಟ ಒಳಲೆ, ಅದರಲ್ಲಿ ಅತ್ತೆ ಹಿಂಡಿಕೊಟ್ಟ ಹಾಲು.

"ಕೈ ತೊಳ್ಕೊಂಡು ಬಾ" ಎಂದಳು.

ತೊಳೆದುಕೊಂಡು ಬಂದೆ. ಒಳಲೆಯನ್ನು ನನ್ನ ಕೈಗೆ ಕೊಟ್ಟು, ನನ್ನ ಮೊಣಕೈಯ ಕೆಳಗೆ ತನ್ನ ಕೈಯನ್ನು ಆಸರೆ ಹಿಡಿದಳು. ಒಂದು ಹನಿ ಬಿಟ್ಟೆ. ಮಗುವಿನ ತುಟಿ ಕದಲಿತು. ಗಂಟಲ ಹತ್ತಿರ, ಹೆಸರುಕಾಳಿನಷ್ಟು ಜಾಗ, ಒಮ್ಮೆ ಏರಿ ಇಳಿಯಿತು. ಇನ್ನೊಂದು ಹನಿ ಬಿಟ್ಟೆ.